ಮೂವರು ಮಾದಮ್ಮಂದಿರು

ಯುದ್ಧ ಮುಗಿದರೂ ರೇಷನ್ನು ಮುಗಿಯದ ಕಾಲ. ಹನೂರಿನ ರಾಗಿ ಡಿಪೋ ಮುಂದೆ ಚೀಲ ಹಿಡಿದವರ ಸಾಲು ಬೆಳಗ್ಗೆಯೇ ರಸ್ತೆಗೆ ಬಂದಿತ್ತು. ಮೇಜಿನ ಹಿಂದೆ ಕೂತಿದ್ದವನು ಗುಮಾಸ್ತ ರಾಮಲಿಂಗಯ್ಯ, ಕೊಳ್ಳೇಗಾಲದ ನೇಕಾರರ ಮನೆಯವನು. ಪಟ್ಟಿಯಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದಿದ್ದರೆ ಒಂದನ್ನು ಉಳಿಸಿ ಮಿಕ್ಕವನ್ನು ಹೊಡೆದುಹಾಕಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಕಳ್ಳ ಕಾರ್ಡು ಹಿಡಿಯಲು ಹೂಡಿದ ಉಪಾಯವಂತೆ! ರಾಮಲಿಂಗಯ್ಯ ಕೂತು ಶ್ರದ್ಧೆಯಿಂದಲೇ ಹೊಡೆದುಹಾಕಿದ್ದ.

"ಲೊಕ್ಕನಹಳ್ಳಿ, ಮಾದಮ್ಮ, ಗಂಡ ಮಾದಯ್ಯ" ಎಂದು ಕೂಗಿದ.

ಮೂವರು ಹೆಂಗಸರು ಮುಂದೆ ಬಂದರು.

"ಒಬ್ಬಳು ಬಾರಮ್ಮ. ಪಟ್ಟೀಲಿರೋದು ಒಬ್ಬಳೇ ಮಾದಮ್ಮ."

"ಓದ್ ತಿಂಗ್ಳು ಮೂರ್ ಜನುಕ್ಕೂ ಕೊಟ್ರಲ್ಲ ಸಾ?" ಎಂದಳು ಅವರಲ್ಲಿ ಹಿರಿಯಳು. ಊರವರ ಬಾಯಲ್ಲಿ ಅವಳು ದೊಡ್ಡಮಾದಮ್ಮ.

"ಅದೇ ತಪ್ಪಾಗಿತ್ತು, ಈಗ ಸರಿಮಾಡಿದೀವಿ. ನನ್ನ ಮೇಲೆ ರೇಗಿದರೆ ಏನು ಬಂತು? ಹುಕುಂ ಮೀರಿದರೆ ನನ್ನ ಅನ್ನಕ್ಕೇ ಕಲ್ಲು ಬೀಳುತ್ತೆ."

"ಸರಿಮಾಡುದ್ರಾ? ಮಾದಪ್ಪನ್ ಸೀಮೇಲಿ ಮನೆಮನೇಗೂ ಮಾದ, ಮಾದಿ. ನಮ್ಮವ್ವ ನಂಗೆ ಈ ಎಸ್ರು ಕಟ್ಟುವಾಗ ನಿಮ್ಮ ಕೇಳ್ಬೇಕಾಗಿತ್ತಾ? ನಿಮ್ ನೇಕಾರ್ ಕೇರೀಲಿ ಚೌಡೇಶ ಅನ್ನೋರು ಎಷ್ಟ್ ಜನ ಅವ್ರೆ ಸಾ? ಒಬ್ಬ ಉಂಡ್ರೆ ಎಲ್ರ ಒಟ್ಟೇನೂ ತುಂಬ್ತದಾ?"

ರಾಮಲಿಂಗಯ್ಯನ ಅಣ್ಣ ಚೌಡೇಶ, ಚಿಕ್ಕಪ್ಪನ ಮಗನೂ ಚೌಡೇಶ.

"ಕೂಸ್ಗೆ ಅಂಬ್ಲಿ ಕಾಸಕೂ ರಾಗಿ ಇಲ್ಲ ಸಾ" ಎಂದಳು ಕಂಕುಳಲ್ಲಿ ಮಗು ಇದ್ದ ಇನ್ನೊಬ್ಬ ಮಾದಮ್ಮ.

ಅಷ್ಟರಲ್ಲಿ ಮಂಡಿ ಸಾಹುಕಾರ ಶಿವನಂಜಯ್ಯ ಸಾಲನ್ನು ಸರಿಸಿಕೊಂಡು ಬಂದು ಕಾರ್ಡುಗಳ ಕಟ್ಟನ್ನು ಮೇಜಿನ ಮೇಲಿಟ್ಟ. "ಬೇಗ ಅಳೆಸಿ, ಗಾಡಿ ಕಾಯ್ತಾ ಅದೆ."

ರಾಮಲಿಂಗಯ್ಯ ಕಾರ್ಡುಗಳನ್ನು ಒಂದೊಂದಾಗಿ ತಿರುವಿದ. ಹೋದ ವರ್ಷ ತೀರಿಕೊಂಡ ಸಾಹುಕಾರನ ಅಪ್ಪ. ಎಂದೋ ಅಗರಕ್ಕೆ ಮದುವೆಯಾಗಿ ಹೋದ ಮಗಳು. ಯಾರೂ ಕಂಡು ಕೇಳರಿಯದ ಇನ್ನೂ ಕೆಲವರು. ಒಂದೊಂದು ಹೆಸರಿಗೂ ಒಂದೊಂದು ಸಂಸಾರದ ರಾಗಿ! ಯಾವ ಹೆಸರೂ ಎರಡು ಸಲ ಬಂದಿರಲಿಲ್ಲವಾದ್ದರಿಂದ ಹುಕುಮಿಗೆ ಇವರಾರೂ ಸಿಕ್ಕಿರಲಿಲ್ಲ. ಕಣ್ಣೆದುರು ನಿಂತ ಮೂವರು ಒಬ್ಬಳಾಗಿದ್ದರು, ಇಲ್ಲದವರೆಲ್ಲ ಇದ್ದರು. ಥೂ, ಇದೂ ಒಂದು ಎಣಿಕೆಯೇ! ಇದನ್ನು ಮಾಡಿದ್ದು ತನ್ನದೇ ಕೈ ಎಂದು ನೆನೆದು ಅವನಿಗೆ ಮೈಯೆಲ್ಲ ಉರಿಯಿತು.

"ಈ ಕಾರ್ಡಿನವರನ್ನೆಲ್ಲ ಕರೆಸಿ ಸ್ವಾಮಿ."

"ಏನಂದ್ರಿ? ಒಂದು ಹೆಸರಾದ್ರೂ ಎರಡು ಸಲ ಬಂದಿದ್ರೆ ತೋರ್ಸಿ, ನೋಡೋಣ."

"ಬಂದಿಲ್ಲ. ಆದರೆ ಇವತ್ತಿಂದ ಹೆಸರಿಗೆ ರಾಗಿ ಇಲ್ಲ. ಬಂದು ನಿಂತ ಜನಕ್ಕೆ."

"ನಾಳೆ ಈ ಕುರ್ಚೀಲಿ ನೀವು ಇರಲ್ಲ, ತಿಳ್ಕಳಿ!"

"ಇಲ್ಲದೆ ಹೋಗಬಹುದು. ಇವತ್ತು ಇದೀನಲ್ಲ. ನಿಮ್ಮ ತಂದೆಯವರು ಬರಲಿ, ನಾನೇ ಅಳೆದುಕೊಡ್ತೀನಿ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶಿವನಂಜಯ್ಯ ಕಾರ್ಡುಗಳನ್ನು ಬಾಚಿಕೊಂಡು ಹೊರಟುಹೋದ. ಅವನು ಎಲ್ಲಿಗೆ ಹೋಗುತ್ತಾನೆ, ಯಾರ ಕಿವಿ ಕಚ್ಚುತ್ತಾನೆ ಎಂಬುದು ರಾಮಲಿಂಗಯ್ಯನಿಗೆ ಗೊತ್ತಿತ್ತು. ಆದರೂ ಎದ್ದು ಬಂದು ತಾನೇ ಸೇರು ಹಿಡಿದ.

"ಚೀಲ ಹಿಡೀರಮ್ಮ, ಮೂವರೂ."

"ಮುಂದ್ಲ ತಿಂಗ್ಳು ನೀವಿಲ್ದೆ ಓದ್ರೆ ಸಾ?" ದೊಡ್ಡಮಾದಮ್ಮನ ಸಿಟ್ಟು ಇಳಿದಿರಲಿಲ್ಲ.

"ಆಗಲೂ ಹೀಗೇ ಬಂದು ನಿಲ್ಲಿ."

"ನಿಲ್ತೀವಿ. ಊರ್ನೇ ಕರ್ಕಂಡ್ ಬಂದು ನಿಲ್ತೀವಿ."

ತನ್ನ ಚೀಲ ತುಂಬಿದರೂ ಅವಳು ಹೊರಡಲಿಲ್ಲ. ಮೂರನೆಯವಳ ಚೀಲಕ್ಕೆ ರಾಗಿ ಬೀಳುವವರೆಗೂ ಮೇಜಿನ ಮುಂದೆಯೇ ನಿಂತಿದ್ದಳು.