ಬಿಚ್ಚಿದ ಹೆಸರು

ಹಿರಿಮಗಳು ಟ್ರಂಕಿನ ಕೊಂಡಿಗೆ ಕತ್ತರಿಯ ಹಿಡಿಯಿಂದ ಎರಡು ಏಟು ಕೊಟ್ಟಳು. ಅದು ಮಿಸುಕಲಿಲ್ಲ. ಅಮ್ಮನಿಗೆ ಹೊದಿಸಲು ಒಗೆದ ಬಿಳಿ ಚಾದರ ಬೇಕಿತ್ತು; ಶವ ಒಯ್ಯುವ ಗಾಡಿ ಬರಲು ಇನ್ನೊಂದು ಗಂಟೆ. ಮೂವತ್ತೆಂಟು ವರ್ಷ ಆಸ್ಪತ್ರೆಯ ಚಾದರಗಳಿಗೆ ಅಂಚು ಹೊಲಿದು, ಮೂಲೆಯಲ್ಲಿ ವಾರ್ಡಿನ ಹೆಸರು ಹಾಕಿದವಳ ಮನೆಯಲ್ಲಿ ಒಂದು ಚಾದರಕ್ಕೆ ಇಷ್ಟು ಪಾಡು.

ನಡುಮನೆಯಲ್ಲಿ ಮಾತು ಬೇರೆ ಕಡೆ ಹೊರಳಿತ್ತು. ಬಾಗಿಲಿಗೆ ಅಂಟಿಸಲು ತಮ್ಮ ಅಚ್ಚು ಹಾಕಿಸಿ ತಂದ ಹಾಳೆಯಲ್ಲಿ ಅಮ್ಮನ ನಿಜವಾದ ಹೆಸರಿತ್ತು. ಬೀದಿಗೆಲ್ಲ ಅವಳು ಬರೀ ಹೊಲಿಗೆಯಮ್ಮ. ಓದಿದವರೆಲ್ಲ ಹುಬ್ಬೇರಿಸಿದ್ದರು.

"ಎಷ್ಟು ಚೆನ್ನಾಗಿದೆ ಅಲ್ವಾ?" ಎಂದಳು ತಮ್ಮನ ಹೆಂಡತಿ, ತೊಡೆಯ ಮೇಲಿದ್ದ ಇಪ್ಪತ್ತು ದಿನದ ಹೆಣ್ಣುಮಗುವನ್ನು ತಟ್ಟುತ್ತ. "ಪಾಪುಗೆ ಇದನ್ನೇ ಇಡೋಣ ಅಂತಿದೀವಿ."

"ಇದನ್ನಾ?" ಎಂದಳು ಚಿಕ್ಕಮ್ಮ. "ಬೀದೀಲಿ ನಿಂತು ಕೂಗಿದ್ರೆ ನಾಲ್ಕು ಮುದುಕೀರು ಓ ಅಂತಾರೆ."

"ಈಗಿನ ಹೆಸರು ಕೇಳಿದ್ರೆ ಔಷಧಿ ಚೀಟಿ ಓದಿದ ಹಾಗಾಗುತ್ತೆ," ಎಂದರು ಪಕ್ಕದ ಮನೆಯ ಹಳೆಯ ಪೋಸ್ಟ್‌ಮ್ಯಾನ್. "ಈ ಹೆಸರಿಗೆ ಬಂದ ಕಾಗದ ಒಂದೂ ತಪ್ಪು ಮನೆಗೆ ಹೋಗ್ಲಿಲ್ಲ. ಇಡಮ್ಮ ನೀನು."

ಕೋಣೆಯೊಳಗೆ ಹಿರಿಮಗಳ ಹೊಟ್ಟೆಗೆ ಕಿಚ್ಚು ಬಿತ್ತು. ತಮ್ಮನ ಹೆಂಡತಿ ನಾಲ್ಕು ವರ್ಷದ ಹಿಂದೆ ಈ ಮನೆಗೆ ಬಂದವಳು. ಕಾಯಿಲೆಯಲ್ಲಿ ಅಮ್ಮನ ತಲೆ ಬಾಚಿದ್ದು ಅವಳು, ಮಗಳಿಗಿಂತ ಹೆಚ್ಚು ಅನ್ನಿಸಿಕೊಂಡಿದ್ದು ಅವಳು. ಈಗ ಹೆಸರನ್ನೂ ಎತ್ತಿಕೊಂಡು ಹೊರಟಿದ್ದಾಳೆ. ಮೂರನೆಯ ಏಟು ಜೋರಾಗಿಯೇ ಬಿತ್ತು, ಕೊಂಡಿ ಕಳಚಿಕೊಂಡಿತು.

ಮೇಲೆಯೇ ಬಿಳಿ ಚಾದರವಿತ್ತು. ಅದರ ಕೆಳಗೆ ಮಗುವಿಗೆ ಹೊದಿಸುವ ಹಳದಿ ಹೊದಿಕೆ.

*

ಇಪ್ಪತ್ತೊಂದು ವರ್ಷದ ಹಿಂದೆ ಹಿರಿಮಗಳ ಹೆರಿಗೆಯಾದಾಗ ಅಮ್ಮ ಆ ಹೊದಿಕೆ ತಂದಿದ್ದಳು. ಮೂಲೆಯಲ್ಲಿ ಕೆಂಪು ದಾರದಲ್ಲಿ ಅಮ್ಮನದೇ ಹೆಸರು. ಮಗಳನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ.

"ಅಮ್ಮ, ಈ ಕಾಲದಲ್ಲಿ ಇದನ್ನ ಯಾರಿಡ್ತಾರೆ? ಸ್ಕೂಲಲ್ಲಿ ನಗ್ತಾರೆ."

"ನನ್ನನ್ನ ನೋಡಿನೂ ನಗ್ತಿದ್ರು," ಎಂದಳು ಅಮ್ಮ. "ಸರಿ ಬಿಡು, ನಿನ್ನ ಮಗು."

ಮಂಚದ ತುದಿಯಲ್ಲಿ ಕೂತು ಒಂದೊಂದೇ ಎಳೆ ಬಿಚ್ಚಿದಳು. ಮರುದಿನ ಮಗಳು ಆರಿಸಿದ ಹೆಸರಿನ ಬೇರೆ ಹೊದಿಕೆ ಬಂತು. ಮೊದಲನೆಯದು ಏನಾಯಿತೆಂದು ಅವಳು ಕೇಳಲಿಲ್ಲ.

ಹೊಲಿಗೆಯಲ್ಲಿ ಅಮ್ಮ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು: ದಾರ ಬಿಚ್ಚಿದ ಮೇಲೆ ನೀರು ಸವರಿ ಉಗುರಿನಿಂದ ಉಜ್ಜಬೇಕು, ಸೂಜಿಯ ತೂತು ಮುಚ್ಚಿಹೋಗುತ್ತದೆ. ವಾರ್ಡಿನ ಹೆಸರು ಬದಲಾದಾಗ ಅಮ್ಮ ನೂರಾರು ಚಾದರಗಳನ್ನು ಹಾಗೆ ಉಜ್ಜಿದ್ದಳು.

*

ಹಿರಿಮಗಳು ಹೊದಿಕೆಯನ್ನು ಕಿಟಕಿಗೆ ಹಿಡಿದಳು. ತೂತುಗಳೆಲ್ಲ ಹಾಗೇ ಇದ್ದವು. ಬೆಳಕು ತೂರಿ ಬಂದು ಅಮ್ಮನ ಹೆಸರು ಅಕ್ಷರ ಬಿಡದೆ ಓದಲು ಸಿಕ್ಕಿತು. ಅಮ್ಮ ಅದಕ್ಕೆ ಉಗುರು ತಾಗಿಸಿರಲಿಲ್ಲ.

ಅವಳು ಬೆರಳು ಒದ್ದೆ ಮಾಡಿಕೊಂಡಳು. ಉಜ್ಜಿಬಿಟ್ಟರೆ ಎರಡು ನಿಮಿಷದ ಕೆಲಸ, ಆಮೇಲೆ ಯಾರಿಗೂ ಗೊತ್ತಾಗದು. ತಾನೂ ತಿನ್ನ, ಪರರಿಗೂ ಕೊಡ ಎನ್ನುವುದು ತನ್ನಂಥವರನ್ನು ನೋಡಿಯೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುವುದಿಲ್ಲ. ಮೊದಲ ಅಕ್ಷರದ ಮೇಲೆ ಉಗುರಿಟ್ಟಳು.

ಹೊರಗೆ ಮಗು ಅತ್ತಿತು. ತಮ್ಮನ ಹೆಂಡತಿ ಅದನ್ನು ಆ ಹೆಸರಿನಿಂದ ಕರೆದಳು, ಬಾಯಿಗೆ ಒಗ್ಗುತ್ತದೆಯೇ ಎಂದು ನೋಡುವವಳ ಹಾಗೆ. ಆ ಹೆಸರನ್ನು ಯಾರಾದರೂ ಮುದ್ದಿನಿಂದ ಕರೆದದ್ದನ್ನು ಹಿರಿಮಗಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಮಗುವನ್ನೆತ್ತಿಕೊಂಡು ತಮ್ಮನ ಹೆಂಡತಿ ಬಾಗಿಲಿಗೆ ಬಂದಳು. "ಚಾದರ ಸಿಕ್ತಾ ಅತ್ತಿಗೆ? ಅದೇನದು?"

"ನಂದು," ಎಂದಳು ಹಿರಿಮಗಳು. "ಪಾಪುಗೆ ಕೊಡ್ತೀನಿ. ಆದ್ರೆ ಹೆಸರು ನಾನೇ ಹೊಲೀತೀನಿ. ನೀನು ಸೂಜಿ ಮುಟ್ಟಬೇಡ."

"ನಂಗೆ ಗುಂಡಿ ಹಾಕೋಕೂ ಬರಲ್ಲ ಅತ್ತಿಗೆ."

"ಗೊತ್ತು," ಎಂದಳು. ಅದೊಂದು ಸಮಾಧಾನವಿತ್ತು.

ಚಾದರವನ್ನು ಅವಳ ಕೈಗೆ ಕೊಟ್ಟು ಕಳಿಸಿ, ಅಮ್ಮನ ಕನ್ನಡಕ ಹಾಕಿಕೊಂಡು, ಕೆಂಪು ದಾರದ ತುದಿಯನ್ನು ಬಾಯಲ್ಲಿ ನೆನೆಸಿ ಸೂಜಿಗೆ ಪೋಣಿಸಿದಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಸೂಜಿ ಮೊದಲ ತೂತಿನೊಳಗೆ ತಳ್ಳದೆಯೇ ಇಳಿಯಿತು.