ಹಿಸ್ಕಳ ಸ್ಟುಡಿಯೊದಲ್ಲಿ ಬೌಕ್ಯ ಏಳಲು ಕಲಿತದ್ದು

ನಮ್ಮ ಹಾರ್ಲಿಂಗೆನ್ ಊರಲ್ಲಿ ನೆಲವೆಲ್ಲ ಸಮ. ಸಮುದ್ರದ ಒಡ್ಡು ಬಿಟ್ಟರೆ ಹತ್ತುವುದಕ್ಕೆ ಒಂದು ದಿಬ್ಬವೂ ಇಲ್ಲ. ಆದರೂ ವಯಸ್ಸಾದವರು ಬೀಳುತ್ತಾರೆ. ಸ್ನಾನದ ಮನೆಯಲ್ಲಿ ಬೀಳುತ್ತಾರೆ, ಕಡಿದಾದ ಮೆಟ್ಟಿಲ ಮೇಲೆ ಬೀಳುತ್ತಾರೆ, ಸೈಕಲ್ಲಿನಿಂದ ಇಳಿಯುವಾಗ ಬೀಳುತ್ತಾರೆ. ಬಿದ್ದವರು ಹೇಗೋ ಎದ್ದು, ಬಟ್ಟೆ ಕೊಡವಿಕೊಂಡು, ಯಾರಿಗೂ ಹೇಳದೆ ಸುಮ್ಮನಾಗುತ್ತಾರೆ.

ನಮ್ಮ ಬೀದಿಯ ಬೌಕ್ಯ ಬಿದ್ದದ್ದು ಅಡುಗೆಮನೆಯಲ್ಲಿ. ಅವಳಿಗೆ ಎಪ್ಪತ್ತು ದಾಟಿ ಕೆಲವು ವರ್ಷ ಆಗಿತ್ತು. ಸೀಗಡಿ ಹಿಡಿಯುವ ದೋಣಿ ಇಟ್ಟುಕೊಂಡಿದ್ದ ಗಂಡ ರಿನ್ಸ ತೀರಿಕೊಂಡಿದ್ದ. ಒಬ್ಬಳೇ ಮಗಳು ಯಿಟ್ಸ್ಕ ದೂರದ ಖ್ರೋನಿಂಗೆನ್‌ನಲ್ಲಿ ಶಾಲೆಯ ಟೀಚರು.

ಆವತ್ತು ಮಧ್ಯಾಹ್ನ ಆಲೂಗಡ್ಡೆ ಬೇಯಿಸಿದ ನೀರು ಬಸಿಯುವಾಗ ಬೌಕ್ಯಳಿಗೆ ತಲೆ ಸುತ್ತಿದ ಹಾಗಾಯಿತು. ಕಾಲು ಜಾರಿತು. ಮೂಳೆ ಏನೂ ಮುರಿಯಲಿಲ್ಲ. ಆದರೆ ಏಳಲು ಆಗಲಿಲ್ಲ. ಕಿಟಕಿಯ ಹೊರಗೆ ಜನ ಮಾತಾಡಿಕೊಂಡು ಹೋಗುತ್ತಿದ್ದದ್ದು ಕೇಳಿಸುತ್ತಿತ್ತು. ಕೂಗಿದ್ದರೆ ಯಾರಾದರೂ ಬರುತ್ತಿದ್ದರು. ಆದರೆ ಲಂಗ ಒದ್ದೆಯಾಗಿ, ಆಲೂಗಡ್ಡೆಗಳ ನಡುವೆ ಬಿದ್ದಿರುವ ತನ್ನನ್ನು ಯಾರೂ ನೋಡುವುದು ಬೇಡ ಅನ್ನಿಸಿತು. ಸಂಜೆಯ ಹೊತ್ತಿಗೆ ತೆವಳಿಕೊಂಡು ಹೋಗಿ, ಒಲೆಯ ಹಿಡಿ ಹಿಡಿದು, ಅಳುತ್ತಾ ಎದ್ದಳು.

ಅಂದಿನಿಂದ ಬೌಕ್ಯಳ ಲೋಕ ಚಿಕ್ಕದಾಗುತ್ತಾ ಬಂತು. ಮೊದಲು ಸೈಕಲ್ ಬಿಟ್ಟಳು. ಆಮೇಲೆ ಸಂತೆ ಬಿಟ್ಟಳು. ಚರ್ಚಿನ ಹಾಡುಗಾರರ ಗುಂಪಿನಲ್ಲಿ ಅವಳ ಜಾಗ ಖಾಲಿಯಾಯಿತು. ಗೆಳತಿಯರು ಫೋನ್ ಮಾಡಿದರೆ, "ಸ್ವಲ್ಪ ನೆಗಡಿ ಕಣೇ" ಅನ್ನುತ್ತಿದ್ದಳು. ಎಷ್ಟು ದಿನ ನೆಗಡಿ ಇದ್ದೀತು? ಅವರೂ ಫೋನ್ ಮಾಡುವುದು ಬಿಟ್ಟರು. ದಿನವಿಡೀ ಒಂದು ಮಾತೂ ಆಡದೆ ಮಲಗುವ ದಿನಗಳು ಬಂದವು. ಒಮ್ಮೊಮ್ಮೆ ರೇಡಿಯೊದಲ್ಲಿ ಹವಾಮಾನ ಹೇಳುವವನಿಗೆ, "ಗೊತ್ತು ಬಿಡಪ್ಪ, ಕಿಟಕಿಯಲ್ಲಿ ಕಾಣ್ತಿದೆ" ಅಂತ ಉತ್ತರ ಕೊಡುತ್ತಿದ್ದಳು, ತನ್ನ ದನಿ ಇದೆಯೋ ಇಲ್ಲವೋ ನೋಡಿಕೊಳ್ಳಲು.

ಅವಳ ಮನೆಯ ಎದುರಿಗೆ, ಒಂದು ಕಾಲದಲ್ಲಿ ದೋಣಿಗಳ ಹಾಯಿ ಹೊಲಿಯುತ್ತಿದ್ದ ಗೋದಾಮಿನಲ್ಲಿ, ಒಂದು ಪಿಲಾಟೀಸ್ ಸ್ಟುಡಿಯೊ ಶುರುವಾಗಿತ್ತು. ಪಿಲಾಟೀಸ್ ಅಂದರೆ ಉಸಿರಿನ ಜೊತೆಗೆ ನಿಧಾನವಾಗಿ ಹೊಟ್ಟೆ, ಬೆನ್ನು, ಸೊಂಟದ ಸ್ನಾಯುಗಳನ್ನು ಗಟ್ಟಿ ಮಾಡುವ ವ್ಯಾಯಾಮ. ಆ ಸ್ಟುಡಿಯೊ ಕಟ್ಟಿದವಳು ಹಿಸ್ಕ. ಐವತ್ತರ ಆಸುಪಾಸು, ಕತ್ತರಿಸಿದ ಕೂದಲು, ನೆಟ್ಟಗಿನ ಬೆನ್ನು. 'ಈ ವ್ಯಾಯಾಮವೆಲ್ಲ ದುಡ್ಡು ಹೆಚ್ಚಾದವರ ಚಟ' ಅಂದುಕೊಂಡಿದ್ದಳು ಬೌಕ್ಯ.

ಒಂದು ದಿನ ಅಂಚೆಯವನು ಹಿಸ್ಕಳಿಗೆ ಬಂದ ಪಾರ್ಸೆಲನ್ನು ಬೌಕ್ಯಳ ಮನೆಯಲ್ಲಿ ಬಿಟ್ಟು ಹೋದ. ಸ್ವಲ್ಪ ಹೊತ್ತಿಗೆ ಹಿಸ್ಕ ಬಂದು ಗಂಟೆ ಒತ್ತಿದಳು. ಬೌಕ್ಯ ಗೋಡೆ ಹಿಡಿದು, ಕುರ್ಚಿ ಹಿಡಿದು, ಬಾಗಿಲಿಗೆ ಬಂದಳು.

"ಯಾವಾಗ ಬಿದ್ರಿ?" ಹಿಸ್ಕ ಕೇಳಿದಳು.

"ಯಾರು ಹೇಳಿದ್ದು ಬಿದ್ದೆ ಅಂತ?"

"ನೆಲ ನೋಡ್ಕೊಂಡು ನಡೀತೀರಿ. ನಾನೂ ಒಂದು ಕಾಲದಲ್ಲಿ ಹಾಗೇ ನಡೀತಿದ್ದೆ."

ಬೌಕ್ಯಳಿಗೆ ಸಿಟ್ಟು ಬಂತು. ಆದರೂ ಬಾಗಿಲು ಮುಚ್ಚಲಿಲ್ಲ. ಒಂದು ಮಾತು ಕೇಳಿ ಎಷ್ಟು ದಿನವಾಗಿತ್ತೋ. "ಕಾಫಿ ಕುಡೀತೀರಾ?" ಅಂದಳು. ತಲಾ ಒಂದು ಬಿಸ್ಕತ್ತು ತೆಗೆದಿಟ್ಟು ಡಬ್ಬಿ ಮುಚ್ಚಿದಳು.

"ನೀವು ಯಾಕೆ ಬೀಳ್ತೀರಿ? ಮರದ ಹಾಗೆ ಗಟ್ಟಿ ಇದ್ದೀರಲ್ಲ."

ಹಿಸ್ಕ ನಕ್ಕಳು. "ಆಗ ನಾನು ದ್ವೀಪಕ್ಕೆ ಹೋಗೋ ಹಡಗಿನಲ್ಲಿ ಕೆಲಸಕ್ಕಿದ್ದೆ. ಹಗ್ಗ ಕಟ್ಟೋದು, ಬಿಚ್ಚೋದು. ಕಬ್ಬಿಣದ ಏಣಿಯಿಂದ ಜಾರಿದೆ. ಬೆನ್ನುಮೂಳೆಯಲ್ಲಿ ಒಂದು ಮೂಳೆ ಮುರೀತು. ಡಾಕ್ಟ್ರು ನೋಡಿದಾಗ ಮೂಳೆಗಳೇ ಸವೆದಿದ್ದವು. ಅಷ್ಟು ಚಿಕ್ಕ ವಯಸ್ಸಿಗೆ."

"ಮನೇಲಿ ಯಾರಿದ್ರು ನೋಡ್ಕೊಳ್ಳೋಕೆ?"

"ಗಂಡ ಇದ್ದ. ಆರೈಕೆ ಮಾಡೋದು ಅವನಿಗೆ ಬರಲಿಲ್ಲ. ಹೋದ." ಹಿಸ್ಕ ಕಾಫಿ ಕದಡಿದಳು, ಸಕ್ಕರೆ ಹಾಕಿರಲಿಲ್ಲ. "ಹಡಗಿನವರು ಮೊದಮೊದಲು ಬಂದರು. ಆಮೇಲೆ ಅವರವರ ಪಾಳಿ, ಅವರವರ ಮನೆ. ವ್ಯಾಯಾಮ ಹೇಳಿಕೊಡೋಕೆ ಒಬ್ಬಾಕೆ ಬರ್ತಿದ್ದಳು. ಅವಳು ಬರೋ ದಿನಕ್ಕೆ ತಲೆ ಬಾಚ್ಕೊಂಡು ಕಾಯ್ತಿದ್ದೆ."

"ಅದಕ್ಕೇ ಇದನ್ನ ಕಲಿತು ಸ್ಟುಡಿಯೊ ಮಾಡಿದ್ರಿ. ಧೈರ್ಯ ನಿಮ್ಮದು."

"ಧೈರ್ಯ ಅಲ್ಲ. ಒಬ್ಬಳೇ ಗೋಡೆ ನೋಡ್ಕೊಂಡು ಕೂರೋಕೆ ಆಗ್ಲಿಲ್ಲ, ಅಷ್ಟೇ. ಜನ ಬರ್ತಾರೆ, ವ್ಯಾಯಾಮ ಮಾಡ್ತಾರೆ, ಹೋಗ್ತಾರೆ. ಈ ಊರಲ್ಲಿ ಎಷ್ಟೋ ಜನರ ಬೆನ್ನು ನನಗೆ ಗೊತ್ತು. ಅವರ ಅಡುಗೆಮನೆ ಗೊತ್ತಿಲ್ಲ. ಹೀಗೆ ಕೂತು ಕಾಫಿ ಕುಡಿದು ಬಹಳ ಕಾಲವಾಯ್ತು."

ಬೌಕ್ಯ ಎದ್ದು ಡಬ್ಬಿ ತೆಗೆದು ಇನ್ನೊಂದು ಬಿಸ್ಕತ್ತು ಇಟ್ಟಳು. "ನನ್ನನ್ನ 'ನೀವು' ಅನ್ನಬೇಡ. ಬೌಕ್ಯ ಅನ್ನು ಸಾಕು."

"ಸರಿ ಬೌಕ್ಯ. ಬಿದ್ದದ್ದನ್ನ ಡಾಕ್ಟರಿಗೆ ಹೇಳಿದೆಯಾ?"

"ಇಲ್ಲ. ಹೇಳಿದ್ರೆ ಮಗಳಿಗೆ ಗೊತ್ತಾಗುತ್ತೆ. ಅವಳು ನನ್ನನ್ನ ವೃದ್ಧರ ಮನೆಗೆ ಸೇರಿಸ್ತಾಳೆ. ಈ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ ನಾನು."

"ಹೇಳದೆ ಹೀಗೇ ಕೂತ್ರೆ ಬೇಗ ಹೋಗಬೇಕಾಗುತ್ತೆ. ನೋಡು, ಬೀಳ್ತೀನಿ ಅಂತ ಹೆದರಿ ಕೂತ್ಕೋತೀವಿ. ಕೂತಷ್ಟೂ ಕಾಲಿನ ಬಲ ಹೋಗುತ್ತೆ. ಬಲ ಹೋದ ಹಾಗೆ ಮತ್ತೆ ಬೀಳ್ತೀವಿ. ಮೊದಲು ಡಾಕ್ಟರ ಹತ್ರ ಹೋಗು. ಯಾಕೆ ತಲೆ ಸುತ್ತಿತು ಅಂತ ಅವರು ನೋಡಲಿ. ಅವರು ಹೂಂ ಅಂದ ಮೇಲೇ ನನ್ನ ಹತ್ರ ಬಾ."

"ಈ ವಯಸ್ಸಲ್ಲಿ ನಾನು ನಿನ್ನ ಸ್ಟುಡಿಯೊ ಕಿಟಕಿಯಲ್ಲಿ ಕಾಣೋ ಆ ಜಾರುವ ಮಂಚದ ಮೇಲೆ ಮಲಗಿ ಕಾಲು ಎತ್ತಬೇಕಾ? ಬೀದಿಯವರು ನಗ್ತಾರೆ."

"ಮಂಚ ಬೇಡ. ಒಂದು ಕುರ್ಚಿ ಸಾಕು ನಿನಗೆ."

ಬೌಕ್ಯ ಕೆಲವು ದಿನ ಸುಮ್ಮನಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಡಾಕ್ಟರ ಮುಂದೆ ಕೂತು, "ನಾನು ಬಿದ್ದೆ" ಅಂದಳು. ಡಾಕ್ಟರು ಬೈಯಲಿಲ್ಲ. ರಕ್ತದೊತ್ತಡ ಅಳೆದರು, ಕೂತಾಗ ಒಮ್ಮೆ, ನಿಂತಾಗ ಒಮ್ಮೆ. ಅವಳು ನುಂಗುತ್ತಿದ್ದ ರಕ್ತದೊತ್ತಡದ ಮಾತ್ರೆ ಹೆಚ್ಚಾಗಿ ತಲೆ ಸುತ್ತುತ್ತಿತ್ತು, ಅದನ್ನು ಕಡಿಮೆ ಮಾಡಿದರು. ಕಣ್ಣಿನ, ಮೂಳೆಯ ಪರೀಕ್ಷೆಗೆ ಕಳಿಸಿದರು. ವರದಿ ನೋಡಿ, "ವ್ಯಾಯಾಮ ಮಾಡಿ. ಗೊತ್ತಿರುವವರ ಕಣ್ಣೆದುರು ಮಾಡಿ" ಅಂದರು.

ಹಿಸ್ಕಳ ಸ್ಟುಡಿಯೊದಲ್ಲಿ ಮೊದಮೊದಲು ಕುರ್ಚಿಯಿಂದ ಏಳುವುದು, ಕೂರುವುದು. ಆಮೇಲೆ ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಕಾಲಿಗೆ ಸ್ವಲ್ಪ ಬಲ ಬಂತು. ಒಂದು ದಿನ ಹಿಸ್ಕ ನೆಲದ ಮೇಲೆ ಚಾಪೆ ಹಾಸಿದಳು.

"ಇವತ್ತು ಮಲಗಿ ಏಳೋದು."

ಬೌಕ್ಯಳ ಮುಖ ಬಿಳುಚಿಕೊಂಡಿತು. "ನೆಲ ಬೇಡ. ಬೇರೆ ಏನು ಹೇಳಿದ್ರೂ ಮಾಡ್ತೀನಿ."

"ಯಾಕೆ?"

"ಆವತ್ತು ಅಲ್ಲಿ ಬಿದ್ದಿದ್ದಾಗ ನನಗೆ ಏನು ಅನ್ನಿಸ್ತು ಗೊತ್ತಾ? ನಾನು ಹೀಗೇ ಸತ್ತರೆ ಯಾರಿಗೂ ತಿಳಿಯೋದೇ ಇಲ್ಲ ಅಂತ. ಜನ ಕಿಟಕಿ ಪಕ್ಕದಲ್ಲೇ ಹೋಗ್ತಿದ್ರು."

ಹಿಸ್ಕ ತಾನೇ ಹೋಗಿ ನೆಲದ ಮೇಲೆ ಮಲಗಿದಳು. ಪಕ್ಕದಲ್ಲಿ ಜಾಗ ಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಬೌಕ್ಯ ಕುರ್ಚಿ ಹಿಡಿದು ಮೆಲ್ಲಗೆ ಇಳಿದು ಅವಳ ಪಕ್ಕ ಮಲಗಿದಳು. ಇಬ್ಬರೂ ಗೋದಾಮಿನ ಹಳೇ ತೊಲೆಗಳನ್ನು ನೋಡುತ್ತಾ ಮಲಗಿದ್ದರು. ಬೌಕ್ಯಳ ಕಣ್ಣೀರು ಕಿವಿಯೊಳಗೆ ಇಳಿಯಿತು.

"ಈಗ ಕೇಳು," ಹಿಸ್ಕ ಮೆಲ್ಲಗೆ ಹೇಳಿದಳು. "ಬಿದ್ದ ಕೂಡಲೇ ಏಳೋಕೆ ಹೋಗಬಾರದು. ಉಸಿರಾಡು. ಎಲ್ಲಿ ನೋವಿದೆ ನೋಡ್ಕೋ. ತಲೆಗೆ ಪೆಟ್ಟಾಗಿದ್ರೆ, ಸೊಂಟ, ಕಾಲು, ಬೆನ್ನು ಜೋರಾಗಿ ನೋಯ್ತಿದ್ರೆ, ಏಳಲೇ ಬೇಡ, ಸಹಾಯಕ್ಕೆ ಕೂಗು. ನಾಚಿಕೆ ಬಿಟ್ಟು ಕೂಗು. ಏನೂ ಆಗಿಲ್ಲ ಅನ್ನಿಸಿದ್ರೆ ಪಕ್ಕಕ್ಕೆ ಹೊರಳು. ಮೊಣಕೈ ಊರು. ಹಾಂ. ಈಗ ಅಂಗೈ, ಮಂಡಿ ಊರಿ ಮಗುವಿನ ಹಾಗೆ ಆ ಕುರ್ಚಿ ತನಕ ಹೋಗು. ಗಟ್ಟಿ ಕುರ್ಚಿ ಇರಬೇಕು, ಜಾರಬಾರದು. ಅದರ ಮೇಲೆ ಎರಡೂ ಕೈ ಇಡು. ಒಂದು ಪಾದ ಮುಂದೆ ಊರು. ಕೈ ಒತ್ತಿ ಮೇಲೆ ಬಾ. ತಿರುಗಿ ಕೂತ್ಕೋ. ಸುಧಾರಿಸ್ಕೋ."

ಬೌಕ್ಯ ಕುರ್ಚಿಯ ಮೇಲೆ ಕೂತಳು. ಏದುಸಿರು. "ಇಷ್ಟೇನಾ?" ಅಂದಳು.

"ಇಷ್ಟೇ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ."

ಅದೇ ವಾರದ ಕೊನೆಯಲ್ಲಿ ಮಗಳು ಬಂದಳು. ಅಷ್ಟು ಹೊತ್ತಿಗೆ ಅವಳಿಗೆ ಎಲ್ಲ ತಿಳಿದಿತ್ತು, ನೆಲದಿಂದ ಏಳಲು ಬಂದ ಧೈರ್ಯದಲ್ಲಿ ಬೌಕ್ಯಳೇ ಫೋನಿನಲ್ಲಿ ಹೇಳಿದ್ದಳು. ಯಿಟ್ಸ್ಕ ಕೋಟು ಬಿಚ್ಚುವ ಮೊದಲೇ ಶುರು ಮಾಡಿದಳು.

"ಬಿದ್ದಾಗ ನನಗೆ ಹೇಳಲಿಲ್ಲ. ಈಗ ಯಾವಳೋ ಹೇಳಿದಳು ಅಂತ ನೆಲದ ಮೇಲೆ ಹೊರಳಾಡ್ತಿದ್ದೀಯ. ಮೂಳೆ ಮುರಿದ್ರೆ ಏನಮ್ಮ ಮಾಡೋದು? ಒಳ್ಳೇ ವೃದ್ಧರ ಮನೆ ನೋಡಿದ್ದೀನಿ. ಅಲ್ಲಿ ನೋಡ್ಕೊಳ್ಳೋಕೆ ಜನ ಇರ್ತಾರೆ."

"ಕೂತ್ಕೋ ಯಿಟ್ಸ್ಕ."

ಬೌಕ್ಯ ಅಡುಗೆಮನೆಯ ನೆಲದ ಮೇಲೆ, ಅದೇ ಜಾಗದಲ್ಲಿ, ಇಳಿದು ಮಲಗಿದಳು. ಮಗಳು ಹಿಡಿಯಲು ಓಡಿ ಬಂದಳು. "ಮುಟ್ಟಬೇಡ," ಅಂದಳು ಬೌಕ್ಯ. ಹೊರಳಿದಳು. ಮೊಣಕೈ ಊರಿದಳು. ಕುರ್ಚಿ ತನಕ ಹೋದಳು. ಎದ್ದು ಕೂತಳು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು.

ಯಿಟ್ಸ್ಕ ಕೋಟು ಬಿಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ, "ಆವತ್ತು ಎಷ್ಟು ಹೊತ್ತು ಇಲ್ಲಿ ಬಿದ್ದಿದ್ದೆ ಅಮ್ಮ?" ಅಂತ ಕೇಳಿದಳು.

"ಸಂಜೆಯವರೆಗೆ."

ಮಗಳು ತಾಯಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ವೃದ್ಧರ ಮನೆಯ ಮಾತು ಮತ್ತೆ ತೆಗೆಯಲಿಲ್ಲ. ಮಾರನೆಯ ದಿನ ಸ್ನಾನದ ಮನೆಯ ಗೋಡೆಗೆ ಹಿಡಿಕೆ ಹಾಕಿಸಿದಳು, ಜಾರುವ ಕಾಲೊರಸುಗಳನ್ನು ತೆಗೆದುಹಾಕಿದಳು, ದಿನಾ ಬೆಳಿಗ್ಗೆ ಫೋನ್ ಮಾಡುವುದಾಗಿ ಮಾತು ಕೊಟ್ಟಳು. ಹೊರಡುವ ಮೊದಲು ಸ್ಟುಡಿಯೊಗೆ ಹೋಗಿ ಹಿಸ್ಕಳ ಕೈ ಹಿಡಿದು, "ಅಮ್ಮನ ಜೊತೆ ನಾನೂ ಮಾಡಬಹುದಾ, ಬಂದಾಗ?" ಅಂದಳು.

ಬೌಕ್ಯಳ ಸಂಜೆಗಳು ಈಗಲೂ ಉದ್ದವೇ. ರಿನ್ಸ ವಾಪಸು ಬರುವುದಿಲ್ಲ. ಭಾನುವಾರ ಹಿಸ್ಕ ಇಸ್ಪೀಟಾಡಲು ಬರುತ್ತಾಳೆ. ಇಬ್ಬರೂ ಹೆಚ್ಚು ಮಾತಾಡುವವರಲ್ಲ. ಆಟ ಮುಗಿದು ಅವಳು ಹೋದ ಮೇಲೆ ಮನೆ ಮತ್ತೆ ಮೌನ. ಆದರೆ ಆ ಮೌನದಲ್ಲಿ ಬೌಕ್ಯ ಗೋಡೆ ಹಿಡಿಯದೆ ಓಡಾಡುತ್ತಾಳೆ. ಬೇಕೆನಿಸಿದರೆ ಕೋಟು ಹಾಕಿಕೊಂಡು ಒಡ್ಡಿನ ತನಕ ಹೋಗಿ ಬರುತ್ತಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೋ ಬಿದ್ದು ಸುಮ್ಮನಿರಬಹುದು. ಅಪ್ಪ ಸಂತೆಗೆ ಹೋಗುವುದು ಬಿಟ್ಟಿದ್ದರೆ, ಪಕ್ಕದ ಮನೆಯವರು ಹೊರಗೆ ಕಾಣುವುದೇ ಇಲ್ಲವಾದರೆ, ಹೋಗಿ ಕೇಳಿ. ಬೈಯಬೇಡಿ, ಹೆದರಿಸಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮಾತ್ರೆಗಳನ್ನೂ ಜೊತೆಗೆ ಒಯ್ದು ತೋರಿಸಿ. ಡಾಕ್ಟರು ಒಪ್ಪಿದರೆ, ತಿಳಿದವರಿಂದ ವ್ಯಾಯಾಮ ಕಲಿಯಿರಿ, ಸಾಧ್ಯವಾದರೆ ನಾಲ್ಕು ಜನರ ಜೊತೆ ಮಾಡಿ. ಅದಕ್ಕೆ ದೊಡ್ಡ ಯಂತ್ರ ಬೇಡ, ಒಂದು ಗಟ್ಟಿ ಕುರ್ಚಿ ಸಾಕು.

ಬಿದ್ದವರು ನೀವೇ ಆಗಿದ್ದರೆ, ಇವತ್ತೇ ಒಬ್ಬರಿಗಾದರೂ ಹೇಳಿ. ಬಿದ್ದದ್ದು ತಪ್ಪಲ್ಲ, ಹೇಳಿ.