ಓಕ್‌ಜು ಘಾಟಿ ಇಳಿದದ್ದು

ಓಕ್‌ಜುವಿನ ಡ್ರೈವಿಂಗ್ ಲೈಸೆನ್ಸು ಹತ್ತೊಂಬತ್ತು ವರ್ಷದಿಂದ ಬೀರುವಿನಲ್ಲಿ, ಮದುವೆಯ ರೇಷ್ಮೆ ಬಟ್ಟೆಯ ಕೆಳಗೆ ನಿದ್ದೆ ಮಾಡುತ್ತಿತ್ತು. ಅವಧಿ ಮುಗಿದಾಗಲೆಲ್ಲ ಅವಳು ಅದನ್ನು ಹೊಸದು ಮಾಡಿಸುತ್ತಿದ್ದಳೇ ಹೊರತು ಕಾರು ಮುಟ್ಟಿದವಳಲ್ಲ. ಗಂಡ ಮಾನ್‌ಶಿಕ್ ಇಪ್ಪತ್ತೆರಡು ವರ್ಷ ಎಲೆಕೋಸಿನ ಲಾರಿ ಓಡಿಸಿದವನು. ಅಂಥವನ ಮನೆಯಲ್ಲಿ ಹೆಂಡತಿಗೇಕೆ ಸ್ಟೇರಿಂಗು? ಪಕ್ಕದ ಸೀಟಿನಲ್ಲಿ ಕೂತು ಅವನಿಗೆ ಕಿತ್ತಳೆ ಸುಲಿದು ಕೊಡುವುದೇ ಇಷ್ಟು ವರ್ಷ ಅವಳ ಪಾಲಿಗೆ ಬಂದ ಡ್ರೈವಿಂಗು.

ಈ ಚಳಿಗಾಲದಲ್ಲಿ ಮಾನ್‌ಶಿಕ್‌ನ ಕಣ್ಣು ಕೈಕೊಟ್ಟಿತು. ಎದುರಿಗಿದ್ದದ್ದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಇನ್ನು ಗಾಡಿ ಮುಟ್ಟಬೇಡಿ ಎಂದುಬಿಟ್ಟರು ಡಾಕ್ಟರು. ಸುದ್ದಿ ವೊಂಜು ಊರಿನಲ್ಲಿದ್ದ ತಮ್ಮ ಚಾಂಗ್‌ಶಿಕ್‌ನ ಕಿವಿಗೆ ಬಿದ್ದದ್ದೇ ತಡ, ಫೋನು ಬಂತು. "ಅಣ್ಣ, ಕಾರು ಸುಮ್ನೆ ನಿಂತು ತುಕ್ಕು ಹಿಡಿಯುತ್ತೆ. ಎರಡು ತಿಂಗಳು ಬಿಟ್ಟು ಒಂದು ಭಾನುವಾರ ಬಸ್ಸಲ್ಲಿ ಬಂದು ತಗೊಂಡು ಹೋಗ್ತೀನಿ." ಹದಿನಾಲ್ಕು ವರ್ಷದ ಕಾರು. ಮಾನ್‌ಶಿಕ್ ಅದನ್ನು ಎಷ್ಟು ಜೋಪಾನ ಮಾಡಿದ್ದನೆಂದರೆ ಈಗಲೂ ಮುಟ್ಟಿದರೆ ಸ್ಟಾರ್ಟ್ ಆಗುತ್ತಿತ್ತು. ಕಣ್ಣು ಹಾಕುವವರಿಗೇನು ಬರ.

ಅದನ್ನು ಕೇಳಿ ಓಕ್‌ಜುಗೆ ಮೈ ಉರಿದುಹೋಯಿತು. ಅವರ ಹಳ್ಳಿಗೆ ಬಸ್ಸು ಬರುವುದು ದಿನಕ್ಕೆ ಎರಡೇ ಸಲ. ಕಾರು ಹೋದರೆ ಗಂಡನ ಕಣ್ಣಾಸ್ಪತ್ರೆಗೂ ಅದೇ ಬಸ್ಸು, ಒಂದು ಮೂಟೆ ಅಕ್ಕಿಗೂ ಅದೇ ಬಸ್ಸು. ನಿಜ ಹೇಳಬೇಕೆಂದರೆ ಅಕ್ಕಿ, ಆಸ್ಪತ್ರೆ ಎಲ್ಲ ನೆಪ. ಅವಳಿಗೆ ಕಾರು ಓಡಿಸಬೇಕು ಅನಿಸಿತ್ತು. ಐವತ್ತರ ಹತ್ತಿರ ಬಂದ ಹೆಂಗಸಿಗೆ ಹಾಗೆ ಅನಿಸಬಾರದು ಅಂತ ಯಾವ ಕಾನೂನಿದೆ?

ಎರಡು ತಿಂಗಳು ಮಾನ್‌ಶಿಕ್ ಅವಳಿಗೆ ಎಲೆಕೋಸಿನ ಹೊಲದ ನಡುವಿನ ರಸ್ತೆಯಲ್ಲಿ ಕಲಿಸಿದ. ಕಲಿಸಿದ ಅನ್ನುವುದಕ್ಕಿಂತ ಬೈದ ಅನ್ನಬೇಕು. ಟೈರಿನ ಗಾಳಿ, ಇಂಜಿನ್ನಿನ ಆಯಿಲು, ಬ್ರೇಕಿನ ಎಣ್ಣೆ, ರೇಡಿಯೇಟರಿನ ನೀರು ಒಂದನ್ನೂ ಬಿಡಲಿಲ್ಲ. ಓಕ್‌ಜು ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಳು. ಹದಿನಾಲ್ಕು ವರ್ಷದಲ್ಲಿ ಆ ಪುಸ್ತಕ ತೆರೆದವಳು ಅವಳೊಬ್ಬಳೇ. ಕೊನೆಗೆ ಅವನು ತೀರ್ಪಿಗೊಂದು ದಿನ ಇಟ್ಟ.

"ಶನಿವಾರ ಅಮ್ಮನ್ನ ಗಾನ್‌ಸೊಂಗ್‌ಗೆ ಕರ್ಕೊಂಡು ಹೋಗಿ ಬರಬೇಕು. ಘಾಟಿ ಹತ್ತಬೇಕು, ಇಳೀಬೇಕು. ನಾನು ಪಕ್ಕದಲ್ಲೇ ಕೂತಿರ್ತೀನಿ. ಒಂದೇ ಒಂದು ಸಲ ನಾನು ಸ್ಟೇರಿಂಗಿಗೆ ಕೈ ಹಾಕೋ ಹಂಗಾದ್ರೆ ಕಾರು ಚಾಂಗ್‌ಶಿಕ್‌ದು."

"ಕೈ ಹಾಕದಿದ್ರೆ?"

"ನೋಡೋಣ."

"ನೋಡೋಣ ಗೀಡೋಣ ಎಲ್ಲ ಬೇಡ ಕಣ್ರೀ. ಬೀಗದ ಕೈ ನಿಂದು ಅಂತ ಹೇಳಿ."

"ಸರಿ ಮಾರಾಯ್ತಿ, ನಿಂದು."

ಗಾನ್‌ಸೊಂಗ್ ಅಂದರೆ ಘಾಟಿಯಾಚೆಯ ಕಡಲತೀರದ ಊರು. ಆ ಶನಿವಾರ ಅಲ್ಲಿ ಎಪ್ಪತ್ತು ದಾಟಿದವರ ಹಾಡಿನ ಸ್ಪರ್ಧೆ. ಅತ್ತೆ ಗುಮ್‌ಬುನ್‌ಗೆ ಎಪ್ಪತ್ತೆಂಟು. ಒಂದು ಗಂಟೆಗೆ ಸರಿಯಾಗಿ ಹೆಸರು ಕೂಗುತ್ತಾರೆ, ಆಗ ಇಲ್ಲದವರು ಸ್ಪರ್ಧೆಯಲ್ಲೂ ಇಲ್ಲ.

ಶನಿವಾರ ಬೆಳಿಗ್ಗೆ ಓಕ್‌ಜು ಐದಕ್ಕೇ ಎದ್ದಳು. ಟೈರುಗಳಿಗೆ ಗಾಳಿ ನೋಡಿದಳು, ಆಯಿಲಿನ ಕಡ್ಡಿ ಎಳೆದು ಒರೆಸಿ ಮತ್ತೆ ಇಳಿಸಿ ನೋಡಿದಳು. ಹಿಂದಿನ ಗಾಜಿಗೆ ತಾನೇ ದಪ್ಪ ಅಕ್ಷರದಲ್ಲಿ ಬರೆದ ಕಾಗದ ಅಂಟಿಸಿದಳು: 'ಹೊಸಬಳು. ಒಳಗೆ ಅತ್ತೆ ಇದ್ದಾರೆ. ಹಾರ್ನ್ ಮಾಡಿ ಇನ್ನಷ್ಟು ಹೆದರಿಸಬೇಡಿ.' ಬಾನೆಟ್ ತೆರೆದಿಟ್ಟೇ ಗಂಡ ಹೆಂಡತಿ ಒಳಗೆ ಹೋಗಿ ಅನ್ನ, ಸಾರು ತಿಂದರು. ಹೊರಗೆ ಬಂದು ನೋಡಿದರೆ ಬಾನೆಟ್ ಮುಚ್ಚಿತ್ತು. ಅತ್ತೆ ಗುಲಾಬಿ ರೇಷ್ಮೆಯುಟ್ಟು, ಹೊಸ ಡ್ರೈವರಳ ಮೊದಲ ಪ್ರಯಾಣಕ್ಕೆ ಶುಭವಾಗಲಿ ಅಂತ ನಾಲ್ಕೂ ಟೈರಿಗೆ ಅಕ್ಕಿಯ ಬಿಳಿ ಹೆಂಡ ಸುರಿದು, ಕಾರಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದಳು.

"ಬಾನೆಟ್ ಯಾರು ಮುಚ್ಚಿದ್ದು ಅತ್ತೆ?"

"ನಾನೇ. ಹಿಮ ಬಿದ್ದುಬಿಟ್ರೆ ಅಂತ."

ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ಓಕ್‌ಜು ಬಾನೆಟ್ಟನ್ನು ಅದುಮಿ, ಸರಿಯಾಗಿ ಕೂತಿದೆ ಎಂದು ನೋಡಿಕೊಂಡಳು. ತೆರೆದು ನೋಡಲಿಲ್ಲ. ಉತ್ಸಾಹದಲ್ಲಿದ್ದವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಕಾರು ಹೊರಟಿತು. ಮಾನ್‌ಶಿಕ್ ಪಕ್ಕದಲ್ಲಿ, ಅತ್ತೆ ಹಿಂದೆ. ಬೆಲ್ಟು ಹಾಕಿಕೊಳ್ಳದ ಹೊರತು ಗಾಡಿ ಅಲುಗಾಡುವುದಿಲ್ಲ ಎಂದು ಓಕ್‌ಜು ಹಟ ಹಿಡಿದಾಗ ಅತ್ತೆ ರೇಷ್ಮೆ ಸುಕ್ಕಾಗುತ್ತದೆಂದು ಗೊಣಗುತ್ತಲೇ ಹಾಕಿಕೊಂಡಳು. ರಸ್ತೆಯ ಎರಡೂ ಕಡೆ ಮರದ ಚೌಕಟ್ಟುಗಳಲ್ಲಿ ಸಾವಿರಾರು ಮೀನು ತಲೆಕೆಳಗಾಗಿ ಒಣಗುತ್ತಿದ್ದವು. ಆ ಸೀಮೆಯ ಬದುಕೇ ಒಣಮೀನು. ಚಳಿಗಾಲವಿಡೀ ಹಿಮದಲ್ಲಿ ಹೆಪ್ಪುಗಟ್ಟಿ, ಬಿಸಿಲಲ್ಲಿ ಕರಗಿ, ಮಾರ್ಚಿಗೆ ಹದಕ್ಕೆ ಬರುತ್ತವೆ. ರಸ್ತೆ ಬದಿಯ ಹೋಟೆಲುಗಳಲ್ಲಿ ಬೆಳಗಿನಿಂದಲೇ ಅದನ್ನು ಸುಡುತ್ತಾರೆ. ಅಲ್ಲಿ ಹುಟ್ಟಿದವರ ಮೂಗಿಗೆ ಆ ವಾಸನೆ ವಾಸನೆಯೇ ಅಲ್ಲ.

ಓಕ್‌ಜುಗೆ ರೆಕ್ಕೆ ಬಂದಂತಾಗಿತ್ತು. ತಿರುವು ಬಂದಾಗ ಮೊದಲೇ ನಿಧಾನ ಮಾಡಿದಳು, ತಿರುಗಿ ಮುಗಿದ ಮೇಲೆ ವೇಗ ಕೊಟ್ಟಳು. ಕಾರು ಹೇಳಿದ ಮಾತು ಕೇಳಿತು. ಎಷ್ಟು ಕೇಳಿತೆಂದರೆ ಅವಳಿಗೆ ನಗು ಬಂತು.

"ಹಲ್ಲು ಬಿಡ್ಬೇಡ, ಕನ್ನಡಿ ನೋಡು" ಅಂದ ಮಾನ್‌ಶಿಕ್.

"ನೋಡ್ತಾನೇ ಇದೀನಿ. ಹಿಂದೆ ಒಂದು ಲಾರಿ. ಹಾರ್ನ್ ಮಾಡಿಲ್ಲ ಪಾಪ, ಅತ್ತೆಗೆ ಹೆದರಿರಬೇಕು."

"ನನ್ನ ಕಂಡ್ರೆ ಯಾರಿಗೆ ಹೆದರಿಕೆನೇ?" ಎಂದು ಹಿಂದಿನಿಂದ ದನಿ ಬಂತು.

ಘಾಟಿಯ ನೆತ್ತಿ ಮುಟ್ಟಿದಾಗ ಹನ್ನೊಂದೂವರೆ. ಇಳಿಜಾರು ಶುರುವಾಗುತ್ತಲೇ ಓಕ್‌ಜು ಗೇರನ್ನು ಎರಡಕ್ಕೆ ಇಳಿಸಿದಳು. ಇಂಜಿನ್ನು ಗುರ್ರೆಂದು ಕಾರನ್ನು ಹಿಡಿದುಕೊಂಡಿತು. ಬ್ರೇಕಿನ ಮೇಲೆ ಕಾಲಿಟ್ಟು ಕೂತರೆ ಬ್ರೇಕು ಕಾದು ಕೈಕೊಡುತ್ತದೆ ಎಂಬುದನ್ನು ಗಂಡ ಇನ್ನೂರು ಸಲ ಹೇಳಿದ್ದ. ಮೂರನೇ ತಿರುವಿನಲ್ಲಿ ಅವಳ ಮೂಗರಳಿತು.

"ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವೇನ್ರೀ?"

ಮಾನ್‌ಶಿಕ್ ಮೂಸಿದ. "ಒಣಮೀನು ಕಣೆ. ಹೋಟ್ಲಲ್ಲಿ ಸುಡ್ತಿದಾರೆ. ಹುಟ್ಟಿದಾಗಿಂದ ಮೂಸ್ತಿದೀಯ, ಇವತ್ತೇನು ಹೊಸದು? ನಡಿ ನಡಿ."

ಹಿಂದೆ ಅತ್ತೆ ಇದ್ದಕ್ಕಿದ್ದಂತೆ ಸ್ಪರ್ಧೆಯ ಹಾಡನ್ನು ದೊಡ್ಡ ದನಿಯಲ್ಲಿ ಹಾಡಲು ಶುರು ಮಾಡಿದಳು.

ಓಕ್‌ಜು ಯೋಚಿಸಿದಳು. ಹೋಟೆಲುಗಳೆಲ್ಲ ಘಾಟಿಯ ಕೆಳಗೇ ಉಳಿದುಹೋದವು. ಇಲ್ಲಿ ಬರೀ ಪೈನ್ ಮರ, ಬದಿಯಲ್ಲಿ ಕೊಳಕು ಹಿಮ. ಅವಳು ತನ್ನ ಕಡೆಯ ಗಾಜು ಇಳಿಸಿದಳು. ಹೊರಗಿನ ಗಾಳಿ ತಣ್ಣಗೆ, ಶುದ್ಧವಾಗಿತ್ತು. ಗಾಜು ಏರಿಸಿದಳು. ಮೀನಿನ ವಾಸನೆ ಮತ್ತೆ ಅಡರಿತು, ಅದರ ಜೊತೆ ಸುಟ್ಟ ಬಟ್ಟೆಯ ಘಾಟು.

"ನಿಲ್ಲಿಸ್ತೀನಿ."

"ಇಳಿಜಾರಲ್ಲಿ ನಿಲ್ಲಿಸೋದಾ? ಒಂದು ಗಂಟೆಗೆ ಹೆಸರು ಕೂಗ್ತಾರೆ. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು..." ಮಾನ್‌ಶಿಕ್‌ನ ಎಡಗೈ ಸ್ಟೇರಿಂಗಿನತ್ತ ಎದ್ದಿತು.

"ರೀ, ಕೈ ಕೆಳಗಿಡಿ" ಅಂದಳು ಓಕ್‌ಜು. ದನಿ ಏರಿಸಲಿಲ್ಲ. ಅವನು ಮುಟ್ಟಿದರೆ ಕಾರು ಹೋಯಿತು, ಅವನ ಮಾತು ಕೇಳಿ ಮುಂದೆ ಹೋದರೆ ಏನು ಹೋಗುತ್ತದೋ ಯಾರಿಗೆ ಗೊತ್ತು. "ಮುಂದೆ ಗಾಡಿ ನಿಲ್ಲಿಸೋ ಜಾಗ ಇದೆ. ಅಲ್ಲಿ ನಿಲ್ಲಿಸ್ತೀನಿ. ಹೊರಗಡೆ ವಾಸನೆ ಇಲ್ಲ. ವಾಸನೆ ನಮ್ಮ ಕಾರಿಂದು."

ಅವನ ಕೈ ಗಾಳಿಯಲ್ಲೇ ಒಂದು ಗಳಿಗೆ ನಿಂತು ತೊಡೆಯ ಮೇಲೆ ಇಳಿಯಿತು.

ಅವಳು ನಾಲ್ಕೂ ದೀಪ ಮಿನುಗಿಸಿ, ಕನ್ನಡಿ ನೋಡಿ, ಬದಿಯ ಜಾಗಕ್ಕೆ ಕಾರು ಸರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಇಂಜಿನ್ ಆರಿಸಿದಳು. ಬಾನೆಟ್ಟಿನ ಅಂಚಿನಿಂದ ಊದುಬತ್ತಿಯಷ್ಟು ಹೊಗೆ ಏಳುತ್ತಿತ್ತು.

"ಇಬ್ರೂ ಇಳೀರಿ. ತಡೆಕಂಬಿ ಆಚೆ ಹೋಗಿ ನಿಂತ್ಕೊಳ್ಳಿ."

"ಈ ರೇಷ್ಮೆ ಉಟ್ಕೊಂಡು ಕಂಬಿ ಹಾರ್ಲೇನೇ ನಾನು?"

"ಹಾರಿ ಅತ್ತೆ."

ಎಪ್ಪತ್ತೆಂಟರ ಗುಮ್‌ಬುನ್ ಮಗನ ಹೆಗಲು ಹಿಡಿದು ಕಂಬಿ ಹಾರಿದಳು. ಓಕ್‌ಜು ಚಕ್ರದ ಕೆಳಗೆ ಕಲ್ಲು ಕೊಟ್ಟು, ಸೀಟಿನ ಕೆಳಗಿದ್ದ ಬೆಂಕಿ ಆರಿಸುವ ಕೆಂಪು ಡಬ್ಬಿ ಕೈಗೆ ತೆಗೆದುಕೊಂಡು, ದಪ್ಪ ಕೈಗವಸು ಹಾಕಿ ಬಾನೆಟ್ಟನ್ನು ಮೊದಲು ಬೆರಳಷ್ಟು ಎತ್ತಿದಳು. ಜ್ವಾಲೆ ಇಲ್ಲ. ಪೂರ್ತಿ ಎತ್ತಿದಳು.

ಕಾದ ಹೊಗೆಕೊಳವೆಯ ಮೇಲೆ ಮೊಳದುದ್ದದ ಒಣಮೀನೊಂದು ಬಾಯಿ ತೆರೆದು ಮಲಗಿತ್ತು. ಒಂದು ಮಗ್ಗುಲು ಇದ್ದಿಲಾಗಿತ್ತು. ಅದಕ್ಕೆ ಸುತ್ತಿದ್ದ ಬಿಳಿ ನೂಲಿನ ಲಡಿ ಕೆಂಪಗೆ ಕನಲುತ್ತಿತ್ತು. ಬಿಚ್ಚಿಕೊಂಡ ಎಳೆ ಒಂದು ಪೆಟ್ರೋಲಿನ ಕೊಳವೆಯವರೆಗೆ ಹರಿದು ಹೋಗಿತ್ತು. ಓಕ್‌ಜು ಉಸಿರು ಬಿಗಿಹಿಡಿದು ಮೀನಿನ ಬಾಲ ಹಿಡಿದಳು, ನೂಲಿನ ಸಮೇತ ಎಳೆದು ಹಿಮಕ್ಕೆ ಎಸೆದಳು. ಅದು ಚುಂಯ್ ಎಂದಿತು.

ಮಾನ್‌ಶಿಕ್ ತಾಯಿಯ ಕಡೆ ತಿರುಗಿದ.

"ಅಮ್ಮ."

"ಹೊಸದಾಗಿ ಗಾಡಿ ಓಡಿಸೋರಿಗೆ ಎಲ್ರೂ ಇಡ್ತಾರಪ್ಪ. ನಿಂಗೂ ಇಟ್ಟಿದ್ದೆ. ಮೀನು ಕಣ್ಣು ಬಿಟ್ಕೊಂಡು ದಾರಿ ಕಾಯುತ್ತೆ, ನೂಲು ಆಯಸ್ಸು ಕಾಯುತ್ತೆ ಅಂತ."

"ಡಿಕ್ಕೀಲಿ ಇಡ್ತಾರಮ್ಮ. ಇಂಜಿನ್ ಮೇಲೆ ಇಡ್ತಾರಾ? ವಾಸನೆ ಬಂದಾಗಾದ್ರೂ ಬಾಯಿ ಬಿಡಬಾರದಾ?"

"ಬಿಟ್ಟೆನಲ್ಲಪ್ಪ, ಹಾಡಿದ್ನಲ್ಲ" ಅಂದಳು ಗುಮ್‌ಬುನ್, ದನಿ ಸಣ್ಣಗಾಗಿತ್ತು.

ಓಕ್‌ಜುಗೆ ಸಿಟ್ಟೂ ಬಂತು, ಅಳುವೂ ಬಂತು. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಅತ್ತೆ?"

"ನಿನ್ನ ನಂಬ್ತೀನಿ ಕಣೇ ಮಗಾ. ಎದುರಿಂದ ಬರೋ ನನ್ಮಕ್ಕಳನ್ನ ನಂಬಲ್ಲ."

ಓಕ್‌ಜುಗೆ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ಬಾನೆಟ್ ತೆರೆದು ನೋಡದೇ ಹೊರಟದ್ದು ತನ್ನದೇ ತಪ್ಪು ಎಂಬುದೂ ಅವಳಿಗೆ ಗೊತ್ತಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿಯೂ ಬಿಟ್ಟಳು. ಮಾನ್‌ಶಿಕ್ ಬಂದು, ಇಂಜಿನ್ ತಣ್ಣಗಾಗುವವರೆಗೆ ಕಾದು, ಕೊಳವೆಗಳನ್ನು ಒಂದೊಂದಾಗಿ ಬೆರಳಲ್ಲಿ ತಡವಿ ನೋಡಿದ. ಒಂದರ ಮೇಲೆ ಕಪ್ಪು ಮಸಿ ಇತ್ತು, ಒರೆಸಿದರೆ ಹೋಯಿತು. ಎಲ್ಲಿಯೂ ಸುಟ್ಟಿರಲಿಲ್ಲ, ಸೋರುತ್ತಿರಲಿಲ್ಲ.

"ನಾನಾಗಿದ್ರೆ ನಿಲ್ಲಿಸ್ತಿರಲಿಲ್ಲ" ಅಂದ. ಯಾರಿಗೆ ಹೇಳಿದನೋ, ಕೊಳವೆಗೋ ಹೆಂಡತಿಗೋ.

ಅಲ್ಲಿಂದ ಕೆಳಗಿನವರೆಗೆ ಓಕ್‌ಜು ಎರಡನೇ ಗೇರಿನಲ್ಲೇ ಇಳಿದಳು. ಹಿಂದೆ ಆರು ಗಾಡಿ ಬಾಲ ಕಟ್ಟಿದಾಗ ಬದಿಗೆ ಸರಿದು ದಾರಿ ಬಿಟ್ಟಳು. ಕೊನೆಯ ತಿರುವು ಕಳೆದು ಕಡಲು ಕಂಡಾಗ ಮೂವರೂ ಒಟ್ಟಿಗೆ "ಹೋ" ಅಂದರು. ಕಡಲೇನು ಅವರು ನೋಡದ್ದಲ್ಲ. ಆದರೆ ಓಕ್‌ಜು ತಾನೇ ಓಡಿಸಿಕೊಂಡು ಬಂದು ನೋಡಿದ್ದು ಅದೇ ಮೊದಲು.

ಗಾನ್‌ಸೊಂಗ್ ಸಭಾಂಗಣದ ಮುಂದೆ ನಿಂತಾಗ ಒಂದಕ್ಕೆ ನಾಲ್ಕು ನಿಮಿಷ ಬಾಕಿ. ಅತ್ತೆ ಲಂಗ ಎತ್ತಿ ಹಿಡಿದು ಓಡಿದಳು. ಎರಡನೇ ಚರಣ ಮರೆತು ಮೊದಲನೆಯದನ್ನೇ ಎರಡು ಸಲ ಹಾಡಿದಳು. ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಸಮಾಧಾನಕರ ಬಹುಮಾನವಾಗಿ ಸಾರಿಗೆ ಹಾಕುವ ಕಡಲಪಾಚಿಯ ಒಂದು ಕಟ್ಟು ಬಂತು. ಅದನ್ನು ಅವಳು ಚಿನ್ನದ ಪದಕದ ಹಾಗೆ ಎದೆಗವಚಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಈ ಸಲ ಬೆಲ್ಟನ್ನು ತಾನಾಗಿಯೇ ಹಾಕಿಕೊಂಡಳು.

ಹೊರಡುವ ಮುಂಚೆ ಓಕ್‌ಜು ಬಾನೆಟ್ ತೆರೆದು, ನೋಡಿ, ತನ್ನ ಕೈಯಾರೆ ಮುಚ್ಚಿದಳು. ಘಾಟಿಯನ್ನು ಮತ್ತೆ ಹತ್ತಿ ಇಳಿದು, ಮನೆಗೆ ಇನ್ನು ಎರಡೇ ತಿರುವು ಇರುವಾಗ ಮಾನ್‌ಶಿಕ್‌ನ ಫೋನು ಹೊಡೆದುಕೊಂಡಿತು. ಆಚೆಯಿಂದ ಚಾಂಗ್‌ಶಿಕ್‌ನ ಗಟ್ಟಿ ದನಿ ಕಾರಿನಲ್ಲೆಲ್ಲ ಕೇಳಿಸಿತು. "ಅಣ್ಣ, ನಾಳೆ ಹತ್ತರ ಬಸ್ಸಿಗೆ ಬರ್ತೀನಿ. ಬೀಗದ ಕೈ ರೆಡಿ ಇಟ್ಟಿರು."

ಓಕ್‌ಜು ರಸ್ತೆಯ ಮೇಲಿಂದ ಕಣ್ಣು ಕೀಳಲಿಲ್ಲ. ಹಿಂದೆ ಅತ್ತೆ ಗುನುಗುವುದನ್ನು ನಿಲ್ಲಿಸಿದಳು. ಮಾನ್‌ಶಿಕ್ ಗಂಟಲು ಸರಿಮಾಡಿಕೊಂಡ.

"ಬಾರೋ, ಬಾ. ಊಟ ಮಾಡ್ಕೊಂಡು ಸಂಜೆ ಬಸ್ಸಿಗೆ ವಾಪಸ್ ಹೋಗುವಂತೆ. ನಿಲ್ದಾಣದಿಂದ ಮನೆಗೆ ನಡೆಯೋದೇನೂ ಬೇಡ. ನಿಮ್ಮತ್ತಿಗೆ ಕಾರು ತಗೊಂಡು ಬಂದು ಕರ್ಕೊಂಡು ಬರ್ತಾಳೆ."

ಓಕ್‌ಜುಗೆ ಎದ್ದು ಕುಣಿಯಬೇಕು ಅನಿಸಿತು. ಮುಂದೆ ತಿರುವು ಇತ್ತು. ವೇಗ ಇಳಿಸಿ, ಕನ್ನಡಿ ನೋಡಿ, ನಿಧಾನವಾಗಿ ತಿರುಗಿಸಿದಳು.